ಸೊಲೆಯ್ ರ್ವಯಾಲ್ ಮಾಡೆಲ್: ಮೊದಲು ಮಂಕು ಬಣ್ಣ, ಚಿನ್ನ ಆಮೇಲೆ

ಹಾಯಿಹಡಗಿನ ಮಾಡೆಲ್ ಕಟ್ಟುವವರು ಸೇರಿದ ಕಡೆ ಫ್ರಾನ್ಸಿನ ಹಳೆಯ ಯುದ್ಧನೌಕೆ ಸೊಲೆಯ್ ರ್ವಯಾಲ್ ಹೆಸರು ಬಂತು ಅಂದರೆ ಮಾತು ಸೀದಾ ಚಿನ್ನದ ಬಣ್ಣಕ್ಕೆ ಹೋಗುತ್ತದೆ. ಯಾವ ಕಂಪನಿಯ ಚಿನ್ನ ಒಳ್ಳೆಯದು, ಬ್ರಷ್ಷೋ ಏರ್‌ಬ್ರಷ್ಷೋ, ಎಷ್ಟು ಕೋಟ್ ಬೇಕು. ನನ್ನ ಪ್ರಕಾರ ಈ ಹಡಗಿನಲ್ಲಿ ಚಿನ್ನ ಹಚ್ಚೋದು ಎಲ್ಲಕ್ಕಿಂತ ಸುಲಭದ ಕೆಲಸ. ಕಷ್ಟ ಇರೋದು ಉಳಿದ ಮುಕ್ಕಾಲು ಹಡಗನ್ನು ಮಂಕಾಗಿ, ಎಣ್ಣೆ ಕುಡಿದ ಮರದ ಹಾಗೆ, ಟಾರು ಹಿಡಿದ ಹಾಗೆ ಕಾಣಿಸೋದರಲ್ಲಿ. ಅದು ಸರಿ ಬಂದರೆ ಹಿಂಬದಿಯ ಕೆತ್ತನೆಗೆ ಹಚ್ಚಿದ ಚೂರು ಚಿನ್ನವೂ ಎದ್ದು ಕಾಣುತ್ತದೆ. ಅದು ಕೆಟ್ಟರೆ ಇಡೀ ಹಡಗು ಮದುವೆ ಮಂಟಪ ಆಗಿಬಿಡುತ್ತದೆ.

ಹಡಗಿನ ಕಥೆ ಸ್ವಲ್ಪ ಹೇಳಿಬಿಡುತ್ತೇನೆ, ಯಾಕಂದರೆ ಬಣ್ಣದ ತೀರ್ಮಾನ ಅಲ್ಲಿಂದಲೇ ಬರುತ್ತದೆ. ಇದು ಸೂರ್ಯರಾಜ ಅಂತ ಕರೆಸಿಕೊಂಡ ಫ್ರಾನ್ಸಿನ ದೊರೆ 14ನೇ ಲೂಯಿಯ ಕಾಲದ ಯುದ್ಧನೌಕೆ, ಹೆಸರಿನ ಅರ್ಥವೂ "ರಾಜಸೂರ್ಯ" ಅಂತಲೇ. ಮೂರು ಸಾಲು ತೋಪು. ಬ್ರೆಸ್ಟ್ ಬಂದರಿನಲ್ಲಿ ಲೊರಾಂ ಉಬಾಕ್ ಕಟ್ಟಿದ್ದು, 1669ರಲ್ಲಿ ನೀರಿಗಿಳಿದಿದ್ದು. 1690ರಲ್ಲಿ ಫ್ರೆಂಚ್ ಅಡ್ಮಿರಲ್ ತುರ್ವೀಲ್ ಈ ಹಡಗಿನ ಮೇಲಿಂದಲೇ ದಂಡು ನಡೆಸಿ ಇಂಗ್ಲೆಂಡಿನ ದಕ್ಷಿಣ ತೀರದ ಬೀಚಿ ಹೆಡ್ ಹತ್ತಿರ ಇಂಗ್ಲಿಷರನ್ನೂ ಡಚ್ಚರನ್ನೂ ಸೋಲಿಸಿದ. ಎರಡೇ ವರ್ಷ. 1692ರಲ್ಲಿ ಬಾರ್ಫ್ಲರ್ ಕದನದಲ್ಲಿ ಜಜ್ಜಿಹೋಗಿ ಶೆರ್ಬೂರ್ ದಡಕ್ಕೆ ಬಂದು ನಿಂತಾಗ ಇಂಗ್ಲಿಷರು ಬೆಂಕಿ ಹಚ್ಚಿದ ಹಡಗನ್ನು ಅದರತ್ತ ಬಿಟ್ಟು ಸುಟ್ಟುಹಾಕಿದರು. ಹಡಗಿನ ಅಲಂಕಾರದ ಕೆಲವು ಚಿತ್ರಗಳು ಉಳಿದಿವೆ, ಅವನ್ನು ಆಸ್ಥಾನದ ಕಲಾವಿದ ಜ್ಯಾಂ ಬೆರೆಂ ಬರೆದದ್ದು ಅಂತ ಹೇಳುತ್ತಾರೆ. ಪ್ಯಾರಿಸ್‌ನ ನೌಕಾ ಮ್ಯೂಸಿಯಂನಲ್ಲಿರುವ ಹೆಸರಾಂತ ಮಾಡೆಲ್ ಇದೆಯಲ್ಲ, ಅದನ್ನು ತಾನೆರೋ ಅನ್ನುವವರು ಮಾಡಿದ್ದು 19ನೇ ಶತಮಾನದಲ್ಲಿ, ಹಡಗು ಸುಟ್ಟು ಸುಮಾರು ಒಂದೂವರೆ ಶತಮಾನ ಆದ ಮೇಲೆ. ಫ್ರಾನ್ಸಿನ ಹೆಲ್ಲರ್ ಕಂಪನಿಯ 1/100 ಪ್ಲಾಸ್ಟಿಕ್ ಕಿಟ್ ಆ ಮಾಡೆಲ್ ನೋಡಿ ಮಾಡಿದ್ದು. ಅಸಲಿ ಬಣ್ಣ ಕಂಡವರು ಯಾರೂ ಇಲ್ಲ, ಹಾಗಾಗಿ ಯಾರಾದರೂ ನಿಮ್ಮ ಹಡಗು ನೋಡಿ "ಈ ನೀಲಿ ತಪ್ಪು" ಅಂದರೆ ಧೈರ್ಯವಾಗಿ ನಗಬಹುದು. ಕೆಲವು ಸಂಗತಿ ಮಾತ್ರ ಖಚಿತವಾಗಿ ತಪ್ಪು. ಅವನ್ನು ಮುಂದೆ ಹೇಳುತ್ತೇನೆ.

ನಾನು ಹೇಳುತ್ತಿರೋದು ಈ ಹೆಲ್ಲರ್ ಕಿಟ್ ಬಗ್ಗೆಯೇ. 1/100 ಅನ್ನೋದು ಲೆಕ್ಕಕ್ಕೆ ಬಲು ಸುಖ: ಹಡಗಿನ ಒಂದು ಮೀಟರ್ ಅಂದರೆ ಮಾಡೆಲ್‌ನಲ್ಲಿ ಒಂದು ಸೆಂಟಿಮೀಟರ್. ಕಟ್ಟಿ ಮುಗಿದಾಗ ಮುಕ್ಕಾಲು ಮೀಟರ್ ಉದ್ದ ಆಗುತ್ತದೆ, ಆದ್ದರಿಂದ ಎಲ್ಲಿಡುತ್ತೀರಿ ಅಂತ ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಹೊರದೇಶದಿಂದ ತರಿಸಿದರೆ ಕಿಟ್ ಬೆಲೆಯ ಜೊತೆ ಸಾಗಾಟ, ಕಸ್ಟಮ್ಸ್ ಎರಡೂ ಸೇರುತ್ತವೆ. ಡಬ್ಬ ದೊಡ್ಡದು, ಹಾಗಾಗಿ ಸಾಗಾಟವೇ ಜಾಸ್ತಿ ನೋಯಿಸುತ್ತದೆ.

ಡಬ್ಬ ಬಿಚ್ಚಿದ ದಿನ ಏನೂ ಅಂಟಿಸಬೇಡಿ. ಭಾಗಗಳನ್ನೆಲ್ಲ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಮೆತ್ತಗಿನ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಹೋಗದಿದ್ದರೆ ಬಣ್ಣ ಕೂರುವುದಿಲ್ಲ. ಆಮೇಲೆ ಒಡಲಿನ ಎರಡು ಹೋಳುಗಳನ್ನು ಬರಿಗೈಯಲ್ಲಿ ಜೋಡಿಸಿ ನೋಡಿ. ಸೊಟ್ಟಗಾಗಿದ್ದರೆ ಗಾಬರಿ ಬೇಡ. ಕೈ ಅದ್ದಲಾಗದಷ್ಟು ಬಿಸಿ, ಆದರೆ ಕುದಿಯದ ನೀರಿನಲ್ಲಿ ಸೊಟ್ಟಗಿರುವ ಕಡೆ ಸ್ವಲ್ಪ ಹೊತ್ತು ಅದ್ದಿ, ಗ್ಲೌಸ್ ಹಾಕಿಕೊಂಡು ನಿಧಾನಕ್ಕೆ ಬಾಗಿಸಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಒಂದೇ ಸಲಕ್ಕೆ ಪೂರ್ತಿ ನೆಟ್ಟಗೆ ಮಾಡಲು ಹೋಗಬೇಡಿ, ಎರಡು ಮೂರು ಸಲ ಮಾಡಿ. ಕುದಿಯುವ ನೀರಿಗೆ ಹಾಕಿದರೆ ಕೆತ್ತನೆಯ ಸಹಿತ ಮೆತ್ತಗಾಗಿ ಕಥೆ ಮುಗಿಯುತ್ತದೆ.

ಎರಡು ಹೋಳು ಅಂಟಿಸುವ ಮೊದಲು ಮಾಡಲೇಬೇಕಾದದ್ದು ಒಂದಿದೆ, ಕಿಟ್‌ನ ಪುಸ್ತಕದಲ್ಲಿ ಇದನ್ನು ಹುಡುಕಬೇಡಿ. ಕೀಲ್, ಅಂದರೆ ತಳದ ನಡುದಿಮ್ಮಿಯ ಉದ್ದಕ್ಕೆ ಎರಡು ಕಡೆ ತೂತು ಕೊರೆದು, ಒಳಗಡೆ ನಟ್ಟುಗಳನ್ನು ಎಪಾಕ್ಸಿ ಪುಟ್ಟಿಯಲ್ಲಿ ಹುದುಗಿಸಿ. ಕೆಳಗಿನಿಂದ ಉದ್ದನೆಯ ಬೋಲ್ಟು ಹಾಕಿ ಮರದ ಹಲಗೆಗೆ ಬಿಗಿಯಲು ಬರುತ್ತದೆ. ಹಗ್ಗದ ಕೆಲಸ ನಡೆಯುವ ತಿಂಗಳುಗಟ್ಟಲೆ ಹಡಗು ಅಲುಗಾಡದೆ ನಿಂತಿರಬೇಕು ಅಲ್ವಾ? ಬರೀ ಪ್ಲಾಸ್ಟಿಕ್ ಸ್ಟ್ಯಾಂಡ್ ಮೇಲೆ ಕೂರಿಸಿದರೆ ಒಂದು ಸಲ ತೋಳು ತಾಗಿದರೆ ಸಾಕು. ಒಳಗೋಡೆಗೆ ಪೂರ್ತಿ ಕಡುಕಂದು ಬಣ್ಣ ಬಳಿದುಬಿಡಿ. ತೋಪಿನ ಕಿಂಡಿಗಳ ಮೂಲಕ ಬೆಳಕು ಹಾದು ಟೊಳ್ಳು ಕಾಣಿಸಿದರೆ ಮಾಡೆಲ್‌ನ ತೂಕವೇ ಹೋಗುತ್ತದೆ.

ಅಂಟಿಸೋಕೆ ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ತೆಳು ಸಿಮೆಂಟ್ ಬಳಸಿ, ಫೆವಿಕ್ವಿಕ್ ಅಲ್ಲ. ಸ್ವಲ್ಪ ಸ್ವಲ್ಪ ದೂರ ಅಂಟಿಸುತ್ತಾ ರಬ್ಬರ್ ಬ್ಯಾಂಡು, ಬಟ್ಟೆ ಕ್ಲಿಪ್ಪು, ಮಾಸ್ಕಿಂಗ್ ಟೇಪು ಏನು ಸಿಗುತ್ತೋ ಅದರಲ್ಲಿ ಬಿಗಿದು, ಆ ಭಾಗ ಒಣಗಿದ ಮೇಲೆ ಮುಂದಕ್ಕೆ ಹೋಗಿ. ಡೆಕ್‌ಗಳನ್ನು ಕೂರಿಸುವ ಮೊದಲೇ ಅವುಗಳಿಗೆ ಬಣ್ಣ ಮುಗಿದಿರಬೇಕು. ತೆರೆದ ಡೆಕ್‌ನ ತೋಪುಗಳಿಗೆ ಹಗ್ಗ ಕಟ್ಟುವುದಿದ್ದರೆ ಮೇಲಿನ ಡೆಕ್ ಮುಚ್ಚುವ ಮೊದಲು ಕಟ್ಟಿ, ಆಮೇಲೆ ಚಿಮುಟವೂ ಒಳಗೆ ಹೋಗುವುದಿಲ್ಲ.

ಈಗ ಬಣ್ಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮರದ ಭಾಗಕ್ಕೆ ಡಬ್ಬದ ಮೇಲಿನ ಚಿತ್ರ ನೋಡಿ ಕಂದು ಬಳಿಯೋದು ಸಾಲದು. ಬೂದು ಪ್ರೈಮರ್ ಆದ ಮೇಲೆ ಅಕ್ರಿಲಿಕ್‌ನಲ್ಲಿ ತೆಳು ಮರಳು ಬಣ್ಣ ಕೊಡಿ. ಅದು ಒಣಗಿದ ಮೇಲೆ ಅಲ್ಲೊಂದು ಇಲ್ಲೊಂದು ಹಲಗೆಗೆ ಮಾತ್ರ ಸ್ವಲ್ಪ ಹಳದಿ, ಸ್ವಲ್ಪ ಬೂದು, ಸ್ವಲ್ಪ ಗಾಢ ಹೀಗೆ ಬೇರೆ ಛಾಯೆ. ಈ ಹಂತದಲ್ಲಿ ಡೆಕ್ ಚೌಕಾಬಾರ ಹಲಗೆಯಂತೆ ಅಸಹ್ಯವಾಗಿ ಕಾಣುತ್ತದೆ, ಕಾಣಬೇಕು ಕೂಡ. ಆಮೇಲೆ ಚಿತ್ರ ಬರೆಯುವವರ ಎಣ್ಣೆಬಣ್ಣದ ಟ್ಯೂಬು, ಬರ್ಂಟ್ ಅಂಬರ್ ಅನ್ನುವ ಕಡುಕಂದು. ಕ್ಯಾಮೆಲ್‌ದು ಯಾವ ಆರ್ಟ್ ಅಂಗಡಿಯಲ್ಲೂ ಸಿಗುತ್ತದೆ, ದುಬಾರಿಯದೇ ಬೇಕು ಅಂತೇನಿಲ್ಲ. ಸಾಸಿವೆ ಕಾಳಿನಷ್ಟು ತೆಗೆದುಕೊಂಡು ಗಡುಸು ಬ್ರಷ್‌ನಲ್ಲಿ ಹಲಗೆಯ ಉದ್ದಕ್ಕೆ ತೆಳುವಾಗಿ ಎಳೆಯಿರಿ. ಹತ್ತು ನಿಮಿಷ ಬಿಟ್ಟು ಒಣ ಬ್ರಷ್ ಅಥವಾ ಹಳೆ ಬನಿಯನ್ ಬಟ್ಟೆಯಿಂದ ಅದೇ ದಿಕ್ಕಿನಲ್ಲಿ ಒರೆಸಿ. ಅಡ್ಡಕ್ಕೆ ಒರೆಸಿದರೆ ಮರದ ನಾರು ಅಡ್ಡಕ್ಕೆ ಹೋದಂತೆ ಕಾಣುತ್ತದೆ. ಸಂದುಗಳಲ್ಲಿ ಗಾಢವಾಗಿ ಉಳಿದು, ಉಬ್ಬಿದ ಕಡೆ ತೆಳುವಾಗಿ, ನಾರು ನಾರಾಗಿ ಬರುತ್ತದೆ. ಆಗಲೇ ಆ ಚೌಕಗಳೆಲ್ಲ ಒಂದಾಗಿ ಮರ ಆಗುತ್ತವೆ.

ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಮುಟ್ಟಿ ನೋಡುವ ಆಸೆ ತಡೆಯಿರಿ. ಕೆಳಗಿನ ಬಣ್ಣ ಅಕ್ರಿಲಿಕ್ಕೇ ಆಗಿರಬೇಕು ಅನ್ನೋದಕ್ಕೆ ಕಾರಣ ಇದೆ. ಎನಾಮೆಲ್ ಆಗಿದ್ದರೆ ಎಣ್ಣೆಬಣ್ಣ ತೆಳು ಮಾಡುವ ಟರ್ಪೆಂಟೈನ್ ತಾಗಿದ ಕೂಡಲೇ ಅದೂ ಎದ್ದು ಬಂದು ಎಲ್ಲ ಕಲಸಿಹೋಗಬಹುದು. ಇನ್ನೊಂದು ಮಾತು, ಬಣ್ಣ ಬೀಳದ ಬರೀ ಪ್ಲಾಸ್ಟಿಕ್ ಮೇಲೆ ಟರ್ಪೆಂಟೈನ್ ನಿಂತುಕೊಂಡರೆ ಸೂಕ್ಷ್ಮ ಭಾಗಗಳು ಬಿರುಕು ಬಿಡುವುದುಂಟು. ಪೂರ್ತಿ ಒಣಗಿದ ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್. ಗಾಳಿಯಲ್ಲಿ ತೇವ ಇರುವ ದಿನ ಸ್ಪ್ರೇ ವಾರ್ನಿಷ್ ಹೊಡೆದರೆ ಬಿಳಿ ಮಬ್ಬು ಕೂರುತ್ತದೆ. ಮಳೆ ಬರುವ ದಿನ ಸುಮ್ನೆ ಹಗ್ಗದ ಕೆಲಸ ಮಾಡಿ.

ನೀರಿನ ಮಟ್ಟದ ಕೆಳಗೆ ಏನು ಬಣ್ಣ? ಇದು ನಾನು ಹೇಳಿದ ಖಚಿತ ತಪ್ಪುಗಳಲ್ಲಿ ಮೊದಲನೆಯದು: ತಾಮ್ರ ಹಚ್ಚಬೇಡಿ. ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಯುವ ರೂಢಿ ನೌಕಾಪಡೆಗಳಿಗೆ ಬಂದದ್ದು 18ನೇ ಶತಮಾನದ ಉತ್ತರಾರ್ಧದಲ್ಲಿ. ಅಂದರೆ ನಮ್ಮ ಹೈದರಾಲಿ 1782ರಲ್ಲಿ ಕೂಡಲೂರಿನ ಹತ್ತಿರ ಫ್ರೆಂಚ್ ಅಡ್ಮಿರಲ್ ಸುಫ್ರೆನ್‌ನನ್ನು ಭೇಟಿಯಾದ ಹೊತ್ತಿಗೆ ತಾಮ್ರದ ತಳದ ಹಡಗುಗಳು ಇದ್ದವು, ಅದಕ್ಕೂ 90 ವರ್ಷ ಹಿಂದೆ ಸುಟ್ಟುಹೋದ ನಮ್ಮ ಹಡಗಿಗೆ ಅದು ಸಲ್ಲದು. ಆಗ ಹುಳ ಕೊರೆಯದಿರಲಿ ಅಂತ ತಳಕ್ಕೆ ಕೊಬ್ಬು, ರಾಳ, ಗಂಧಕ ಕಲಸಿ ಬಳಿಯುತ್ತಿದ್ದರು. ಅದರ ಬಣ್ಣ ಕೊಳೆ ಬಿಳಿ. ಹಾಗಾಗಿ ಕೆನೆ ಬಣ್ಣಕ್ಕೆ ಚೂರು ಬೂದು ಸೇರಿಸಿ ಬಳಿದು, ನೀರಿನ ಗೆರೆಯ ಹತ್ತಿರ ತೆಳು ಹಸಿರು, ಕಂದು ಒರೆಸಿ. ಅಚ್ಚ ಬಿಳಿ ಬೇಡ, ಸ್ನಾನದ ಮನೆ ಟೈಲ್ಸ್ ನೆನಪಾಗುತ್ತದೆ.

ಒಡಲಿನ ಉದ್ದಕ್ಕೆ ದಪ್ಪ ಪಟ್ಟಿಗಳು ಉಬ್ಬಿಕೊಂಡಿವೆಯಲ್ಲ, ಅವು ಟಾರು ಹಚ್ಚಿದ ಕಪ್ಪು. ಆದರೆ ಅಚ್ಚ ಕಪ್ಪು ಡಬ್ಬದಿಂದ ನೇರ ಬಳಿಯಬೇಡಿ. ಇಷ್ಟು ಸಣ್ಣ ಅಳತೆಯಲ್ಲಿ ಅದು ತೂತಿನ ಹಾಗೆ ಕಾಣುತ್ತದೆ. ಕಪ್ಪಿಗೆ ಕಂದು, ಸ್ವಲ್ಪ ಬೂದು ಸೇರಿಸಿ. ಪಟ್ಟಿಗಳ ನಡುವಿನ ಜಾಗ ಮರದ ಬಣ್ಣ ಅಥವಾ ಹಳದಿ ಕಾವಿ. ತೋಪಿನ ಕಿಂಡಿ ಬಾಗಿಲುಗಳ ಒಳಬದಿ ಮತ್ತು ಡೆಕ್ ಸುತ್ತಲಿನ ಕಟ್ಟೆಯ ಒಳಬದಿ ಕೆಂಪು, ಅದೂ ಕೆಮ್ಮಣ್ಣಿನ ಕೆಂಪು, ಲಿಪ್‌ಸ್ಟಿಕ್ ಕೆಂಪಲ್ಲ.

ನೀಲಿಯ ವಿಷಯಕ್ಕೆ ಜಗಳ ಮುಗಿಯುವುದೇ ಇಲ್ಲ. ಮೇಲ್ಭಾಗ ರಾಜನೀಲಿ ಇತ್ತು ಅನ್ನುವವರು ಒಂದು ಕಡೆ, ಆ ಕಾಲದಲ್ಲಿ ಒಳ್ಳೆಯ ನೀಲಿ ದುಬಾರಿ, ಅಷ್ಟು ದೊಡ್ಡ ಜಾಗಕ್ಕೆ ಬಳಿಯುತ್ತಿರಲಿಲ್ಲ ಅನ್ನುವವರು ಇನ್ನೊಂದು ಕಡೆ. ಖುದ್ದು ರಾಜನ ಬಿರುದೇ ಹೊತ್ತ ಹಡಗಿಗೆ ದುಡ್ಡು ಲೆಕ್ಕ ಹಾಕಿರಲಿಕ್ಕಿಲ್ಲ ಅಂತ ನನಗನಿಸುತ್ತದೆ, ಅದಕ್ಕೇ ನಾನು ನೀಲಿ ಪಕ್ಷ. ಆದರೆ ನೀಲಿಗೆ ಬೂದು ಬೆರೆಸಿ ಮಂಕು ಮಾಡಿ, ಹಿಂಬದಿಗೂ ಅತಿ ಮೇಲಿನ ಪಟ್ಟಿಗೂ ಮಾತ್ರ ಇಟ್ಟುಕೊಳ್ಳಿ. ಚಿನ್ನದ ಪಕ್ಕ ಮಂಕು ನೀಲಿ ಇದ್ದಾಗ ಎರಡೂ ಚೆನ್ನಾಗಿ ಕಾಣುತ್ತವೆ, ಹೊಳೆಯುವ ನೀಲಿ ಇಟ್ಟರೆ ಎರಡೂ ಕಿರುಚುತ್ತವೆ.

ಚಿನ್ನಕ್ಕೆ ಬರೋಣ. ಹಿಂಬದಿಯ ಕೆತ್ತನೆ ಈ ಕಿಟ್‌ನ ಜೀವ. ನಡುವೆ ರಥದಲ್ಲಿ ಅಪೊಲೊ, ಕುದುರೆಗಳು, ಸುತ್ತ ಮೂರ್ತಿಗಳು. ಅಂಟಿಸುವ ಮೊದಲೇ ಪ್ರತಿ ಮೂರ್ತಿಗೂ ಬೇರೆಯಾಗಿ ಬಣ್ಣ ಹಚ್ಚಿ, ಹಿಂದೆ ಟೂತ್‌ಪಿಕ್ ಅಂಟಿಸಿಕೊಂಡರೆ ಹಿಡಿಯಲು ಸುಲಭ. ಮೊದಲು ಕೆಂಪುಕಂದು ಅಡಿಬಣ್ಣ. ಅದರ ಮೇಲೆ ಹಳದಿ ಕಾವಿ, ಆದರೆ ಸಂದುಗಳಿಗೆ ಇಳಿಯದ ಹಾಗೆ. ಅದರ ಮೇಲೆ ಚಿನ್ನ, ಇನ್ನೂ ಕಡಿಮೆ ಜಾಗಕ್ಕೆ. ಕಣ ನುಣುಪಾಗಿರುವ ಚಿನ್ನದ ಬಣ್ಣವನ್ನೇ ಆರಿಸಿ. ಕಣ ದಪ್ಪ ಇದ್ದರೆ ಎರಡು ಸೆಂಟಿಮೀಟರ್ ಎತ್ತರದ ದೇವತೆಯ ಮುಖಕ್ಕೆ ಮಿನುಗುಪುಡಿ ಎರಚಿದ ಹಾಗಾಗುತ್ತದೆ. ಆಮೇಲೆ ಬರ್ಂಟ್ ಅಂಬರ್ ಎಣ್ಣೆಬಣ್ಣವನ್ನು ಟರ್ಪೆಂಟೈನ್‌ನಲ್ಲಿ ನೀರಾಗಿ ಮಾಡಿ ಹರಿಸಿ, ಉಬ್ಬಿದ ಕಡೆ ಒರೆಸಿ. ಕೊನೆಗೆ ಬ್ರಷ್‌ಗೆ ಚಿನ್ನ ತಾಗಿಸಿ, ಕಾಗದಕ್ಕೆ ಉಜ್ಜಿ ಹೆಚ್ಚುಕಮ್ಮಿ ಒಣಗಿಸಿ, ಮೂಗು, ಭುಜ, ಮೊಣಕಾಲಿನಂಥ ಏಣುಗಳ ಮೇಲೆ ಹಗುರವಾಗಿ ಸವರಿ.

ಎಲ್ಲ ಕೆತ್ತನೆಗೂ ಚಿನ್ನ ಬೇಡ. ದೊಡ್ಡ ಮೂರ್ತಿಗಳಿಗೆ, ಲಾಂದ್ರಗಳಿಗೆ, ರಾಜಲಾಂಛನಕ್ಕೆ ಚಿನ್ನ. ಉದ್ದನೆಯ ಅಂಚುಪಟ್ಟಿಗಳಿಗೆ ಹಳದಿ ಕಾವಿ ಸಾಕು. ಚಿನ್ನದ ಮೇಲೆ ಮ್ಯಾಟ್ ವಾರ್ನಿಷ್ ಹಾಕಿದರೆ ಸತ್ತುಹೋಗುತ್ತದೆ, ಅದಕ್ಕೇ ಮರದ ಭಾಗಕ್ಕೆ ವಾರ್ನಿಷ್ ಮೊದಲೇ ಮುಗಿಸಿ ಮೂರ್ತಿಗಳನ್ನು ಆಮೇಲೆ ಅಂಟಿಸಬೇಕು. ಇಲ್ಲಿ ಅಂಟಿಸುವಾಗ ಮೂರ್ತಿಯ ಹಿಂಬದಿಯಲ್ಲೂ ಅದು ಕೂರುವ ಜಾಗದಲ್ಲೂ ಬಣ್ಣ ಕೆರೆದುಬಿಡಿ, ಬಣ್ಣದ ಮೇಲೆ ಬಣ್ಣ ಅಂಟಿದರೆ ಒಂದು ದಿನ ಉದುರುತ್ತದೆ.

ಕೂವೆಮರಗಳ, ಅಂದರೆ ಹಾಯಿ ಕಂಬಗಳ ವಿಷಯದಲ್ಲಿ ಕಿಟ್ ನಂಬಬೇಡಿ. ಪ್ಲಾಸ್ಟಿಕ್ ಕಂಬಕ್ಕೆ ಹಗ್ಗ ಬಿಗಿದಷ್ಟೂ ಅದು ಬಾಗುತ್ತದೆ, ಒಂದು ಕಡೆ ಬಿಗಿದರೆ ಇನ್ನೊಂದು ಕಡೆಯ ಹಗ್ಗ ಸಡಿಲ. ಕೆಳಗಿನ ದಪ್ಪ ಕಂಬಗಳನ್ನು ಮುಚ್ಚುವಾಗ ಒಳಗೆ ಉಕ್ಕಿನ ಸರಳು ಹಾಕಿ, ಸೈಕಲ್ ಚಕ್ರದ ಕಡ್ಡಿ ಚೆನ್ನಾಗಿ ಹೊಂದುತ್ತದೆ. ಮೇಲಿನ ತೆಳು ಕಂಬಗಳನ್ನು ಬಿಸಾಡಿ ಬಿದಿರು ಕಡ್ಡಿಯನ್ನೋ ಮರದ ದುಂಡು ಕಡ್ಡಿಯನ್ನೋ ಡ್ರಿಲ್ ಮೆಷಿನ್‌ಗೆ ಕಚ್ಚಿಸಿ ತಿರುಗಿಸುತ್ತಾ ಸ್ಯಾಂಡ್‌ಪೇಪರ್‌ನಲ್ಲಿ ಮೊನೆಯ ಕಡೆ ಸಣ್ಣಗೆ ಮಾಡಿ. ಮೂತಿಯ ಕಡೆ ಚಾಚಿದ ಮರದ ತುದಿಯಲ್ಲಿ ಒಂದು ಪುಟ್ಟ ಕಂಬ ನೆಟ್ಟಗೆ ನಿಂತಿರುತ್ತದೆ, 17ನೇ ಶತಮಾನದ ಹಡಗಿನ ಗುರುತೇ ಅದು. ಮುರಿಯುವುದೂ ಮೊದಲು ಅದೇ. ಅದನ್ನು ಎಲ್ಲಕ್ಕಿಂತ ಕೊನೆಗೆ ಕೂರಿಸಿ. ಮತ್ತೆ ಯಾರೋ ಹೇಳಿದರು ಅಂತ ಡೆಕ್ ಮೇಲೆ ಚುಕ್ಕಾಣಿ ಚಕ್ರ ತಂದು ಇಡಬೇಡಿ. ಚಕ್ರ ಬಂದದ್ದು 1700ರ ಆಸುಪಾಸಿನ ನಂತರ, ಈ ಹಡಗನ್ನು ತಿರುಗಿಸುತ್ತಿದ್ದದ್ದು ನೆಟ್ಟಗಿನ ಉದ್ದ ಸನ್ನೆಕೋಲಿನಿಂದ.

ಹಗ್ಗದ ಕೆಲಸ ಅಂದರೆ ಇಡೀ ಮಾಡೆಲ್‌ನ ಅರ್ಧ ಕೆಲಸ. ಕಿಟ್‌ನ ದಾರ ಪಕ್ಕಕ್ಕಿಡಿ. ಹೊಲಿಗೆ ಸಾಮಾನಿನ ಅಂಗಡಿಗೆ ಹೋಗಿ, ಬೆಂಗಳೂರಿನವರಿಗೆ ಚಿಕ್ಕಪೇಟೆ ಇದ್ದೇ ಇದೆ, ಪಾಲಿಯೆಸ್ಟರ್ ದಾರ ಬೇರೆ ಬೇರೆ ದಪ್ಪದಲ್ಲಿ ತೆಗೆದುಕೊಳ್ಳಿ. ಹತ್ತಿ ದಾರ ನೋಡಲು ಚಂದ, ಆದರೆ ನಮ್ಮ ಹವೆಯಲ್ಲಿ ತೇವ ಕುಡಿದು ಬಿಗಿಯುತ್ತದೆ, ಒಣಗಿದಾಗ ಸಡಿಲಾಗುತ್ತದೆ, ಜೊತೆಗೆ ಮೈತುಂಬ ಜುಂಗು. ಯಾವ ದಾರವಾದರೂ ಜೇನುಮೇಣದ ಉಂಡೆಯ ಮೇಲೆ ಎಳೆದು ಬಳಸಿ. ಕಂಬಗಳನ್ನು ಹಿಡಿದು ನಿಲ್ಲಿಸುವ ಹಗ್ಗಗಳು ಟಾರು ಹಿಡಿದ ಕಡುಕಂದು, ಹಾಯಿ ಎಳೆಯುವ ಹಗ್ಗಗಳು ಸೆಣಬಿನ ತೆಳು ಬಣ್ಣ. ದಪ್ಪದ ಲೆಕ್ಕ: ನಡುಗಂಬವನ್ನು ಮುಂದಕ್ಕೆ ಹಿಡಿಯುವ ದೊಡ್ಡ ಹಗ್ಗ ಸುಮಾರು 1.5 ಮಿಲಿಮೀಟರ್, ಪಕ್ಕದಿಂದ ಹಿಡಿಯುವವು 0.8, ಅವುಗಳ ಮೇಲೆ ಹತ್ತಲು ಕಟ್ಟುವ ಮೆಟ್ಟಿಲು ದಾರ ಎಷ್ಟು ತೆಳು ಸಿಕ್ಕರೆ ಅಷ್ಟು. ಎಲ್ಲ ಒಂದೇ ದಪ್ಪದಲ್ಲಿ ಕಟ್ಟಿದ ಹಡಗು ಎಷ್ಟೇ ಬಣ್ಣ ಹಚ್ಚಿದರೂ ಆಟಿಕೆಯೇ.

ಮೆಟ್ಟಿಲಿನ ಅಂತರ 3.5ರಿಂದ 4 ಮಿಲಿಮೀಟರ್, ಯಾಕಂದರೆ ನಿಜವಾದ ನಾವಿಕ ಒಂದೊಂದೇ ಹೆಜ್ಜೆ ಹತ್ತಬೇಕಲ್ಲ. ಕಾಗದದ ಮೇಲೆ ಆ ಅಂತರಕ್ಕೆ ಗೆರೆ ಎಳೆದು ಹಗ್ಗಗಳ ಹಿಂದೆ ಸಿಕ್ಕಿಸಿಕೊಳ್ಳಿ. ಎರಡು ತುದಿಯ ಹಗ್ಗಕ್ಕೆ ಸಾದಾ ಗಂಟು, ನಡುವಿನ ಹಗ್ಗಗಳಿಗೆ ಎರಡು ಸುತ್ತು ಹಾಕಿ ಸಿಕ್ಕಿಸುವ ಗಂಟು, ಮೇಲೆ ನೀರು ಬೆರೆಸಿದ ಫೆವಿಕಾಲ್ ಒಂದು ಚುಕ್ಕೆ. ಫೆವಿಕ್ವಿಕ್ ಹಾಕಿದರೆ ದಾರ ಗಾಜಿನ ಹಾಗೆ ಗಡುಸಾಗಿ ಬಿಳಿ ಕಲೆ ಬಿಡುತ್ತದೆ. ಬಿಗಿಯಾಗಿ ಎಳೆಯಬೇಡಿ, ಎಳೆದರೆ ಉದ್ದನೆಯ ಹಗ್ಗಗಳೆಲ್ಲ ಸೊಂಟ ಹಿಡಿದ ಹಾಗೆ ಒಳಕ್ಕೆ ಬಾಗುತ್ತವೆ. ಇದು ಬೇಜಾರಿನ ಕೆಲಸ, ಅದರಲ್ಲಿ ಸುಳ್ಳಿಲ್ಲ. ರೇಡಿಯೋ ಹಾಕಿಕೊಂಡು ದಿನಕ್ಕೆ ಒಂದೆರಡು ಸಾಲು ಮಾಡಿ. ಒಂದು ಸಾಲು ಎಡಕ್ಕೆ, ಒಂದು ಬಲಕ್ಕೆ, ಹೀಗೆ ಮಾಡಿದರೆ ಕಂಬವೂ ನೆಟ್ಟಗಿರುತ್ತದೆ. ಒಟ್ಟಾರೆ ಕ್ರಮ ಕೆಳಗಿನಿಂದ ಮೇಲಕ್ಕೆ, ಒಳಗಿನಿಂದ ಹೊರಕ್ಕೆ.

ಕಿಟ್‌ನಲ್ಲಿ ಬರುವ ಉಬ್ಬಿದ ಪ್ಲಾಸ್ಟಿಕ್ ಹಾಯಿಗಳನ್ನು ನಾನಂತೂ ಹಾಕುವುದಿಲ್ಲ, ಹಾಕಿದರೆ ಹಿಂಬದಿಯ ಕಷ್ಟವೆಲ್ಲ ಮರೆಯಾಗುತ್ತದೆ. ಸುತ್ತಿ ಕಟ್ಟಿದ ಹಾಯಿ ಬೇಕಿದ್ದರೆ ಟಿಶ್ಯೂ ಕಾಗದವನ್ನು ಹಾಯಿಯ ನಿಜವಾದ ಎತ್ತರದ ಮೂರನೇ ಒಂದು ಭಾಗಕ್ಕೆ ಕತ್ತರಿಸಿ, ನೀರು ಫೆವಿಕಾಲ್‌ನಲ್ಲಿ ಅದ್ದಿ ಅಡ್ಡಮರಕ್ಕೆ ಸುತ್ತಿ. ಪೂರ್ತಿ ಎತ್ತರ ಸುತ್ತಿದರೆ ಹಾಸಿಗೆ ಸುತ್ತಿಟ್ಟ ಹಾಗಾಗುತ್ತದೆ.

ಬಾವುಟ: ಮೂರು ಬಣ್ಣದ್ದು ಹಾರಿಸಿದರೆ ಅದೂ ಖಚಿತ ತಪ್ಪೇ, ಅದು ಕ್ರಾಂತಿಯ ನಂತರದ್ದು. ರಾಜನ ನೌಕಾಪಡೆಯದ್ದು ಬರೀ ಬಿಳಿ ಬಾವುಟ. ತೆಳು ಬಟ್ಟೆಗೆ ಚಹಾ ಡಿಕಾಕ್ಷನ್‌ನಲ್ಲಿ ಸ್ವಲ್ಪ ಬಣ್ಣ ಬರಿಸಿ, ಒದ್ದೆಯಿರುವಾಗಲೇ ಮಡಿಕೆ ಕೂರಿಸಿ ಕಟ್ಟಿ. ಗಾಜಿನ ಪೆಟ್ಟಿಗೆಯನ್ನು ಮಾತ್ರ ಬಾವುಟ ಕಟ್ಟಿದ ಮೇಲೆಯೇ ಅಳತೆ ತೆಗೆದು ಮಾಡಿಸಿ, ಸುತ್ತಲೂ ಐದು ಸೆಂಟಿಮೀಟರ್ ಜಾಗ ಬಿಟ್ಟು. ಪೆಟ್ಟಿಗೆ ಇಲ್ಲದೆ ಶೋಕೇಸಿನ ಮೇಲೆ ಹಾಗೇ ಇಟ್ಟರೆ ಧೂಳು ಒರೆಸಲು ಬಂದವರ ಕೈಗೆ ಮೊದಲು ಸಿಗೋದು ಆ ಮೂತಿಯ ಪುಟ್ಟ ಕಂಬವೇ.